ಉಡಚಮ್ಮನಿಗೆ ಹಲ್ಲು ಬಂತು

ಮೊದಲು ಅದು ನಾಲಿಗೆಗೆ ಸಿಕ್ಕಿತು.

ಶ್ರಾವಣದ ಒಂದು ಬೆಳಿಗ್ಗೆ ಉಡಚಮ್ಮ ಹಲ್ಲಿನ ಸೆಟ್ಟು ತೆಗೆದು ಲೋಟದ ನೀರಿಗೆ ಹಾಕಿ ಬಾಯಿ ಮುಕ್ಕಳಿಸುತ್ತಿದ್ದಳು. ಮೇಲಿನ ವಸಡಿನಲ್ಲಿ, ಬಲಗಡೆ, ಏನೋ ಚುಚ್ಚಿತು. ಅನ್ನದ ಅಗುಳು ಇರಬೇಕು ಅಂದುಕೊಂಡಳು. ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ಟಕ್ ಎಂದಿತು.

ವಸಡು ಟಕ್ ಅನ್ನುವುದಿಲ್ಲ. ಮೇಲಿನ ಸಾಲಿನಲ್ಲಿ ಒಂದೂ ಹಲ್ಲಿಲ್ಲದೆ ವರ್ಷಗಳನ್ನು ಕಳೆದವಳಿಗೆ ಅಷ್ಟು ಗೊತ್ತಿತ್ತು.

"ಸುಧಾ! ಏ ಸುಧಾ! ಬಾರೇ ಇಲ್ಲಿ!"

ಅವ್ವ ಬಚ್ಚಲಲ್ಲಿ ಜಾರಿದಳೇನೋ ಅಂತ ಮಗಳು ಸುಧಾ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿ ಬಂದಳು. ಅವ್ವ ಬಾಗಿಲಲ್ಲಿ ಬಾಯಿ ಅಗಲಿಸಿ ನಿಂತಿದ್ದಳು. ಸುಧಾ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

"ಅವ್ವಾ, ಹಲ್ಲು."

"ಏನು?"

"ಹಲ್ಲು ಕಣವ್ವ! ಬೆಳ್ಳಗೆ ತುದಿ ಕಾಣ್ತೈತೆ."

"ನಂಗೇನೇ?"

"ಮತ್ಯಾರಿಗೆ? ನಿನ್ನ ಬಾಯಾಗೆ ಐತೆ."

ರೊಟ್ಟಿ ಸೀದುಹೋಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಸಾಸ್ವೆಹಳ್ಳಿಯಲ್ಲಿ ಉಡಚಮ್ಮನನ್ನು ಅರಿಯದವರಿಲ್ಲ. ಕೌದಿ ಹೊಲಿಯುವವಳು. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ನಡುವಿಗೆ ಸಣ್ಣ ಹೊಲಿಗೆ ಹಾಕಿಕೊಂಡು ಬಂದರೆ ಆ ಕೌದಿ ಎರಡು ತಲೆಮಾರು ಬಾಳಬೇಕು. ಬಾಣಂತಿ ಮನೆಗೆ, ಮದುವೆ ಮನೆಗೆ ಅವಳದೇ ಕೌದಿ. ಕತ್ತರಿ ಮುಟ್ಟಿದವಳಲ್ಲ. ದಾರ ಕಡಿಯುವುದು ಹಲ್ಲಿನಲ್ಲೇ. ಕಡಿದೂ ಕಡಿದೂ ಮುಂದಿನ ಬಾಚಿಹಲ್ಲಿನಲ್ಲಿ ದಾರ ಕೂರುವಷ್ಟು ಗೀರು ಬಿದ್ದಿತ್ತು. ಆಮೇಲೆ ವಸಡು ಊದಿತು. ಎಲೆ ಅಡಿಕೆ, ಹೊಗೆಸೊಪ್ಪು ಬಿಡು ಅಂದರೆ ಬಿಡಲಿಲ್ಲ. ಹಲ್ಲುಗಳು ಒಂದೊಂದೇ ಅಲುಗಿದವು. ಮೇಲಿನ ಸಾಲು ಪೂರ್ತಿ ಹೋಯಿತು. ಕೆಳಗೆ ಮುಂದಿನವು ಉಳಿದವು. ಗಂಡ ಕೆಂಚಪ್ಪ ಹೊನ್ನಾಳಿಗೆ ಕರೆದುಕೊಂಡು ಹೋಗಿ ಸೆಟ್ಟು ಹಾಕಿಸಿದ. ಕತ್ತರಿಯನ್ನೂ ಅವನೇ ತಂದ.

ಈಗ ಆ ಬಾಯಲ್ಲಿ ಹಲ್ಲು! ಅರವತ್ತು ದಾಟಿದ ಮೇಲೆ!

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಹಾಲು ಹಾಕಲು ಬಂದವರು ಕ್ಯಾನು ಇಳಿಸಿ ನೋಡಿದರು. ಸ್ಕೂಲು ಬಿಟ್ಟ ಮಕ್ಕಳು ಸಾಲು ನಿಂತರು. ಉಡಚಮ್ಮ ಯಾರಿಗೂ ಇಲ್ಲ ಅನ್ನಲಿಲ್ಲ. ಸೆಟ್ಟು ತೆಗೆದಳು, ತುಟಿ ಎತ್ತಿದಳು, ತೋರಿಸಿದಳು. ಮುಟ್ಟುತ್ತೇನೆ ಅಂದವರಿಗೆ ಕೈ ತೊಳೆದುಕೊಂಡು ಬಾ ಅಂದಳು. ಗಂಡ ಹೋದಮೇಲೆ ಆ ಮನೆಯಲ್ಲಿ ಅಷ್ಟು ಗದ್ದಲ ಆಗಿರಲಿಲ್ಲ.

ಪಕ್ಕದ ಮನೆಯ ಕಸ್ತೂರಮ್ಮ ಕೊನೆಗೆ ಬಂದಳು. ಸೊಂಟಕ್ಕೆ ಕೈ ಕೊಟ್ಟು ನೋಡಿದಳು.

"ಉಡಚಕ್ಕ, ನಿನಗೆ ತೊಟ್ಟಿಲು ಕಟ್ಟಬೇಕಲ್ಲೇ ಈಗ!"

"ಕಟ್ಟು. ತೂಗಾಕೆ ನೀನೇ ಬಾ."

ಎಲ್ಲರೂ ನಕ್ಕರು. ಕಸ್ತೂರಮ್ಮ ಮತ್ತೆ ಬಗ್ಗಿದಳು. "ಅಲ್ಲಾ, ಇದು ಮೇಲಿನ ಹಲ್ಲಲ್ಲವಾ? ಕೆಳಗಿಂದು ಬಂದಿದ್ರೆ ಚಿಂತಿಲ್ಲ. ಮೇಲಿಂದು ಮೊದಲು ಬಂದ್ರೆ ಸೋದರಮಾವನಿಗೆ ಆಗಲ್ಲ. ಒಬ್ಬ ಮಾವನ್ನಂತೂ ತಿಂದಾತು. ಇನ್ನೊಬ್ಬ ಅದಾನಲ್ಲ, ಜಗಳೂರು ಕಡೆ?"

ತಮಾಷೆಗೇ ಅಂದದ್ದು. ಉಡಚಮ್ಮ ಬಾಯಿ ಮುಚ್ಚಿದಳು. ಆವತ್ತು ಮತ್ತೆ ತೆಗೆಯಲಿಲ್ಲ.

ಆ ಮಾತು ಅವಳ ಜೊತೆಯಲ್ಲೇ ಬೆಳೆದದ್ದು. ಹುಟ್ಟಿದ್ದು ಜಗಳೂರಿನ ಆಚೆ, ತಾಯಿಯ ತವರಿನಲ್ಲಿ. ಕೂಸಿಗೆ ಮೊದಲ ಹಲ್ಲು ಬಂದದ್ದು ಮೇಲಿನ ವಸಡಿನಲ್ಲಿ. ಅಜ್ಜಿ ಬಾಯಿ ಬಡಿದುಕೊಂಡಳು. ತಾಯಿಯ ತಮ್ಮಂದಿರು ಇಬ್ಬರು. ದೊಡ್ಡವನು ಗಾದ್ರಪ್ಪ, ಚಿಕ್ಕವನು ಕೆಂಚಪ್ಪ. ಅಂಥ ಕೂಸನ್ನು ಮಾವಂದಿರು ನೇರ ನೋಡಬಾರದಂತೆ. ಎಣ್ಣೆ ಬಟ್ಟಲಿನಲ್ಲಿ ಅದರ ನೆರಳು ನೋಡಿ, ಆಮೇಲೆ ಮುಖ ನೋಡಬೇಕು. ಹಾಗೇ ಮಾಡಿಸಿದರು. ಬಟ್ಟಲು ಎಷ್ಟು ಹೊತ್ತು ಹಿಡಿಯುವುದು ಅಂತ ಕೆಂಚಪ್ಪ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡು ಆಟಕ್ಕೆ ಓಡಿದ. ಆಗ ಅವನೂ ಹುಡುಗನೇ.

ಉಡಚಮ್ಮ ದೊಡ್ಡವಳಾದಳು. ಸೋದರಮಾವನಿಗೆ ಕೊಡುವುದು ಮನೆಯ ಪದ್ಧತಿ. ಆದರೆ ಈ ಹುಡುಗಿಯನ್ನು ಕೊಡುವುದು ಹೇಗೆ? ಹಿರಿಯರು ಮಾತನ್ನು ಎಳೆದಾಡಿದರು. ಕೆಂಚಪ್ಪ ಊಟದ ತಟ್ಟೆ ಮುಂದೆ ಕೂತು ಒಂದೇ ಮಾತು ಅಂದ. "ತಿನ್ನೋದಾದ್ರೆ ನನ್ನೇ ತಿನ್ನಲಿ ಬಿಡ್ರಿ. ಬ್ಯಾರೆಯವರ್ನ ಯಾಕೆ ತಿನ್ನಬೇಕು?" ಮದುವೆ ಆಯಿತು. ಭದ್ರಾ ನಾಲೆಯ ನೀರಿದ್ದ ಕಡೆ ಗದ್ದೆ ಕೆಲಸ ಸಿಗುತ್ತದೆ ಅಂತ ಇಬ್ಬರೂ ಸಾಸ್ವೆಹಳ್ಳಿಗೆ ಬಂದರು. ಉಳಿದುಬಿಟ್ಟರು. ಸುಧಾ ಹುಟ್ಟಿದಳು. ಅವನು ಅವಳನ್ನು ಹಲ್ಲಿನ ವಿಷಯಕ್ಕೆ ರೇಗಿಸದ ದಿನವಿಲ್ಲ. ಬಲಗಡೆ ಕೋರೆಹಲ್ಲಿನ ಜಾಗದಲ್ಲಿ ಅವಳಿಗೆ ಒಂದು ಪುಟ್ಟ ಹಲ್ಲಿತ್ತು. ಅದಕ್ಕೆ ಅಕ್ಕಿಹಲ್ಲು ಅಂತ ಹೆಸರಿಟ್ಟಿದ್ದ. "ಇವಳು ನಕ್ರೆ ಅಕ್ಕಿ ಚೆಲ್ಲಿದಂಗೆ ಕಣ್ರೋ" ಅನ್ನುತ್ತಿದ್ದ.

ಹೋದ ವರ್ಷದ ಹಿಂದಿನ ಬೇಸಿಗೆ. ಗದ್ದೆಯಿಂದ ಬಂದು ಕಟ್ಟೆ ಮೇಲೆ ಕೂತು ನೀರು ಕೊಡು ಅಂದ. ಅವಳು ಚೊಂಬು ತರುವಷ್ಟರಲ್ಲಿ ಅವನು ಇರಲಿಲ್ಲ.

ಮಣ್ಣಿಗೆ ಬಂದ ನೆಂಟರಲ್ಲಿ ಯಾರೋ ಅಂದರು. "ಮೇಲಿನ ಹಲ್ಲು. ತಡವಾಗಾದ್ರೂ ತಿಂತು ನೋಡು." ಆ ಮಾತು ಉಡಚಮ್ಮನ ಒಳಗೆ ಇಳಿದು ಕೂತಿತು. ಒಬ್ಬಳೇ ಇದ್ದಾಗ ಲೆಕ್ಕ ಹಾಕುತ್ತಿದ್ದಳು. ಬೇರೆಯವಳನ್ನು ಮಾಡಿಕೊಂಡಿದ್ದರೆ ಇವತ್ತು ಇರುತ್ತಿದ್ದನೇನೋ.

ಆದರೂ ಹಲ್ಲು ಬಂದ ಸಂತೋಷ ಸುಮ್ಮನೆ ಇರಗೊಡಲಿಲ್ಲ. ಕಸ್ತೂರಮ್ಮನ ಮಾತಿಗೆ ಎರಡು ದಿನ ಮಂಕಾದಳು. ಮೂರನೇ ದಿನ ನಾಲಿಗೆ ತಾನಾಗಿ ಅಲ್ಲಿಗೇ ಹೋಯಿತು. ತುದಿ ಇನ್ನಷ್ಟು ಬಂದಿತ್ತು! ದಿನಾ ಬೆಳಿಗ್ಗೆ ಎದ್ದವಳೇ ಮುಟ್ಟಿ ನೋಡುವಳು. ತಾನು ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ. ತಾನೇ ಬರುತ್ತಿತ್ತು. ಸೆಟ್ಟು ಒತ್ತುತ್ತಿತ್ತು. ಅದನ್ನು ಲೋಟದಲ್ಲೇ ಬಿಟ್ಟಳು. ದೀಪಾವಳಿ ಹೊತ್ತಿಗೆ ಹಲ್ಲು ಮೆಕ್ಕೆಜೋಳದ ಕಾಳಿನಷ್ಟಾಯಿತು. ಒಂದು ಮಧ್ಯಾಹ್ನ ಕೌದಿ ಹೊಲಿಯುತ್ತಾ ಕತ್ತರಿ ಮರೆತು ದಾರವನ್ನು ಬಾಯಿಗೆ ಕೊಟ್ಟಳು. ಪಟ್ ಅಂತ ಕಡಿಯಿತು. "ಸುಧಾ, ನೋಡಿದ್ಯೇನೇ!" ಅಂತ ಕೂಗಿ, ಕಡಿಯಬೇಕಿಲ್ಲದ ದಾರವನ್ನೂ ಮೂರು ಸಲ ಕಡಿದಳು.

ಜಗಳೂರಿಗೆ ಹೇಳಬೇಡ ಅಂತ ಸುಧಾಳಿಗೆ ತಾಕೀತು ಮಾಡಿದ್ದಳು. ಸುಧಾ ಹೇಳಲಿಲ್ಲ. ಅವ್ವನ ಬಾಯಿಯ ಫೋಟೋ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದಳು.

ಮರುದಿನವೇ ಫೋನು. ಗಾದ್ರಪ್ಪನ ಸೊಸೆ ದುರ್ಗಾಂಬಿಕಾ.

"ಚಿಕ್ಕತ್ತೇ, ನಮ್ಮ ಮಾವಾರಿಗೆ ಜ್ವರ. ಹಾಸಿಗೆ ಬಿಟ್ಟು ಎದ್ದಿಲ್ಲ. ಗಂಜಿನೂ ಬ್ಯಾಡ ಅಂತಾರೆ."

"ಯಾವಾಗಿಂದ?"

"ನಿನ್ನೆಯಿಂದ." ದುರ್ಗಾಂಬಿಕಾ ಸ್ವಲ್ಪ ತಡೆದಳು. "ನಾನೇನು ನಂಬಾಕಿಲ್ಲ ಚಿಕ್ಕತ್ತೆ. ಆದ್ರೂ ಆ ಹಲ್ಲು… ತೆಗೆಸಿಬಿಡ್ರಿ. ನಿಮಗೂ ಏನು ಪ್ರಯೋಜನ ಅದರಿಂದ?"

ಉಡಚಮ್ಮ ಫೋನು ಇಟ್ಟಳು. ಮಗಳ ಕಡೆ ನೋಡಲಿಲ್ಲ. "ನಾಳೆ ಹೊನ್ನಾಳಿಗೆ ಹೋಗಾಣ. ಕೀಳಿಸ್ತೀನಿ" ಅಂದಳು. ಸುಧಾ ಜಗಳ ಮಾಡಿದಳು, ಅತ್ತಳು. ನಡೆಯಲಿಲ್ಲ. ಕೊನೆಗೆ ಅವಳೇ ದುರ್ಗಾಂಬಿಕಾಗೆ ಫೋನು ಮಾಡಿ, ನಾಳೆ ಹೊನ್ನಾಳ್ಯಾಗೆ ಕೀಳಿಸ್ತಾರಂತೆ, ಸಮಾಧಾನ ಆತಾ ಅಂತ ಸಿಟ್ಟಿನಲ್ಲಿ ಹೇಳಿ ಇಟ್ಟಳು.

ಬಸ್ಸಿನಲ್ಲಿ ಉಡಚಮ್ಮ ದಾರಿಯುದ್ದಕ್ಕೂ ನಾಲಿಗೆಯನ್ನು ಹಲ್ಲಿನ ಮೇಲೆ ಇಟ್ಟುಕೊಂಡಿದ್ದಳು. ಕೊಡುವ ಮುಂಚೆ ಕರುವಿನ ಮೈ ಸವರುವಂತೆ.

ಹೊನ್ನಾಳಿಯ ಹಲ್ಲಿನ ಡಾಕ್ಟರು ಶಿವಲೀಲಾ. ಇನ್ನೂ ಚಿಕ್ಕ ವಯಸ್ಸು. ಕುರ್ಚಿಯಲ್ಲಿ ಮಲಗಿಸಿ, ಕನ್ನಡಿ ಕಡ್ಡಿ ಬಾಯಿಗಿಟ್ಟವರು ಅಲ್ಲೇ ನಿಂತುಬಿಟ್ಟರು.

"ಅಮ್ಮಾ! ಇದೆಲ್ಲಿತ್ತು?"

"ಎಲ್ಲಿತ್ತೋ. ಬಂದೈತೆ. ಕಿತ್ತಾಕ್ರಿ."

"ಯಾಕ್ರೀ? ನೋವಾ?"

"ನೋವಿಲ್ಲ."

"ಮತ್ತೆ?"

"ನಮ್ಮ ಮಾವ ಸಾಯ್ತಾನೆ."

ಡಾಕ್ಟರು ನಗಲಿಲ್ಲ. ಅವರೂ ಈ ಸೀಮೆಯವರೇ. ಮೇಲಿನ ಹಲ್ಲಿನ ಮಾತು ಕೇಳಿ ಬೆಳೆದವರೇ. "ನಂಗೂ ಇಬ್ರು ಸೋದರಮಾವಂದಿರು ಇದಾರೆ" ಅಂದರು. "ಕೀಳೋಣಂತೆ. ಮೊದಲು ಒಳಗೆ ಹೆಂಗೈತೆ ನೋಡೋಣ."

ಎಕ್ಸ್-ರೇ ತೆಗೆದರು. ಕಂಪ್ಯೂಟರಿನ ಪರದೆ ಮೇಲೆ ಚಿತ್ರ ಬಂತು. ಉಡಚಮ್ಮ ಕುರ್ಚಿಯಲ್ಲಿ ಎದ್ದು ಕೂತಳು. ಬೂದು ಬಣ್ಣದ ದವಡೆಯಲ್ಲಿ ಒಂದು ಬೆಳ್ಳನೆ ಹಲ್ಲು ಓರೆಯಾಗಿ ನಿಂತಿತ್ತು. ಹೊರಗೆ ಕಂಡದ್ದು ತುದಿ ಮಾತ್ರ. ಒಳಗೆ ಇಷ್ಟುದ್ದ! ಕ್ಯಾರೆಟ್ಟಿನ ಹಾಗೆ ಬೇರು ಇಳಿದಿತ್ತು.

"ಇದು ನಂದಾ?"

"ನಿಮ್ಮದೇ. ಕೋರೆಹಲ್ಲು. ಇಲ್ಲಿ ಮುಂಚೆ ಒಂದು ಸಣ್ಣ ಹಲ್ಲು ಇತ್ತಾ? ಬೇರೆ ಹಲ್ಲಿಗಿಂತ ಚಿಕ್ಕದು?"

"ಇತ್ತು. ಅವರು ಅಕ್ಕಿಹಲ್ಲು ಅಂತಿದ್ರು. ನಿಮಗೆಂಗೆ ಗೊತ್ತಾತು?"

"ಅದು ಹಾಲುಹಲ್ಲು ಕಣಮ್ಮ. ಬೀಳೋ ವಯಸ್ಸಿಗೆ ಬೀಳಲೇ ಇಲ್ಲ. ಒಳಗಿನ ಹಲ್ಲು ಹೊರಗೆ ಬರ್ತಾ ಬರ್ತಾ ಹಾಲುಹಲ್ಲಿನ ಬೇರು ಕರಗುತ್ತೆ. ಆಗ ಅದು ಅಲುಗಿ ಬೀಳೋದು. ನಿಮ್ಮ ಕೋರೆಹಲ್ಲು ದಾರಿ ತಪ್ಪಿ ಓರೆಯಾಗಿ ಮಲಗಿಬಿಡ್ತು. ಹಾಲುಹಲ್ಲು ಜಾಗ ಬಿಡಲಿಲ್ಲ. ಆಮೇಲೆ ಮೇಲಿನ ಹಲ್ಲೆಲ್ಲಾ ಹೋದವಲ್ಲ, ಹಲ್ಲಿಲ್ಲದ ಮೂಳೆ ವರ್ಷ ವರ್ಷಾ ಸವೆಯುತ್ತೆ. ಮೂಳೆ ಇಳೀತು, ಇದು ಹೊರಗೆ ಬಂತು."

"ಹಂಗಾದ್ರೆ ಇದು ಹೊಸಾದಲ್ಲ?"

"ಹೊಸದೆಲ್ಲಿ? ನೀವು ತೊಟ್ಟಿಲಲ್ಲಿದ್ದಾಗಲೇ ಇದರ ಕೆಲಸ ಶುರು. ಹಲ್ಲು ತುದಿಯಿಂದ ಕಟ್ಟಿಕೊಳ್ಳುತ್ತೆ. ಮೊದಲು ಮೇಲಿನ ಚೂಪು, ಆಮೇಲೆ ಪಕ್ಕ, ಎಲ್ಲಾ ಮುಗಿದ ಮೇಲೆ ಬೇರು."

ಉಡಚಮ್ಮನಿಗೆ ಕೇಳುವ ಹುಚ್ಚು ಹತ್ತಿತು. ಇಷ್ಟು ವರ್ಷ ಅನ್ನ ಅಗಿದ ಬಾಯಿ. ಅದರೊಳಗೆ ಏನಿದೆ ಅಂತ ಯಾರೂ ಹೇಳಿರಲಿಲ್ಲ. ಹಲ್ಲಿನ ಒಳಗೇನಿದೆ? ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಮೇಲೆ ಎನಾಮೆಲ್. ಮೈಯಲ್ಲಿ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಅದನ್ನು ಕಟ್ಟಿದ ಜೀವಕಣಗಳು ಹಲ್ಲು ಹೊರಗೆ ಬರುತ್ತಲೇ ಅಳಿದುಹೋಗುತ್ತವೆ. ಅದಕ್ಕೇ ಸವೆದರೆ ಮತ್ತೆ ಬರುವುದಿಲ್ಲ. ಅದರ ಕೆಳಗೆ ಹಳದಿ ಪದರ. ನಡುವೆ ಟೊಳ್ಳು, ಅದರಲ್ಲಿ ರಕ್ತ, ನರ.

"ಕೌದಿ ಇದ್ದಂಗೆ" ಅಂದಳು ಉಡಚಮ್ಮ. "ಮ್ಯಾಲೆ ಗಟ್ಟಿ ಸೀರೆ. ನಡುವೆ ಮೆತ್ತಂದು."

"ಹೂಂ! ಮತ್ತೆ ಇದು ನೋಡಿ. ಬೇರಿನ ಸುತ್ತ ಸಣ್ಣ ಕಪ್ಪು ಗೆರೆ. ಬೇರು ಮೂಳೆಗೆ ನೇರ ಅಂಟಿರೋದಿಲ್ಲ. ನಡುವೆ ಸಾವಿರಾರು ನಾರು. ಆ ಕಡೆ ಮೂಳೆಯೊಳಗೆ ಒಂದು ತುದಿ, ಈ ಕಡೆ ಬೇರಿನೊಳಗೆ ಒಂದು ತುದಿ."

"ಹೊಲಿಗೆ!"

"ಹೊಲಿಗೆನೇ."

"ನನ್ನ ಮುಂದಿನವು ಅಲುಗಿದ್ದು?"

"ವಸಡಿಗೆ ಕೀವಾಗಿ ಹೊಲಿಗೆ ಬಿಚ್ಚಿಹೋತು. ಹೊಗೆಸೊಪ್ಪು ಹಾಕ್ತಿದ್ರಾ?"

ಉಡಚಮ್ಮ ಕೇಳಿಸದವಳ ಹಾಗೆ ಸುಧಾಳ ಕಡೆ ತಿರುಗಿದಳು. "ನೋಡೇ, ದೇವರು ನನಗಿಂತ ಸಣ್ಣ ಹೊಲಿಗೆ ಹಾಕ್ಯಾನೆ." ಅವಳ ಮುಖ ಕೆಂಪಗಾಗಿತ್ತು. ಕೇಳಬೇಕಾದ ಒಂದು ಮಾತು ಉಳಿದಿತ್ತು. ಕುರ್ಚಿಯ ಕೈ ಹಿಡಿದು ಕೇಳಿಯೇಬಿಟ್ಟಳು.

"ಕೂಸಿಗೆ ಮೇಲಿನ ಹಲ್ಲು ಮೊದಲು ಯಾಕೆ ಬರ್ತೈತೆ ಡಾಕ್ಟ್ರಮ್ಮ?"

"ಎಷ್ಟೋ ಮಕ್ಕಳಿಗೆ ಬರುತ್ತೆ. ತಾಯಿ ಹೊಟ್ಟೆಯಲ್ಲಿ ಕೂಸು ಇನ್ನೂ ಹುರುಳಿಕಾಳಿನಷ್ಟು ಇದ್ದಾಗಲೇ ದವಡೆಯಲ್ಲಿ ಹಲ್ಲಿನ ಗೆರೆ ಮೂಡುತ್ತೆ. ಮೇಲೂ, ಕೆಳಗೂ. ಹುಟ್ಟೋ ಹೊತ್ತಿಗೆ ಹಾಲುಹಲ್ಲು ಎಲ್ಲಾ ಒಳಗೆ ಸಾಲಾಗಿ ಕೂತಿರುತ್ವೆ. ಯಾವುದು ಮೊದಲು ವಸಡು ಸೀಳಿ ಇಣುಕುತ್ತೆ ಅನ್ನೋದಷ್ಟೇ ಹೆಚ್ಚುಕಡಿಮೆ."

"ಅಂದ್ರೆ ನನ್ನ ಮೇಲಿನ ಹಲ್ಲು ಹುಟ್ಟೋ ಮುಂಚೇನೇ ಇತ್ತು?"

"ನಿಮ್ಮದೂ ಇತ್ತು. ನಂದೂ ಇತ್ತು. ಎಲ್ಲಾರ್ದೂ."

"ಸುಧಂದೂ?"

"ಹೂಂ ಅಮ್ಮಾ."

"ಹಂಗಾದ್ರೆ ಊರಾಗೆ ಒಬ್ಬ ಸೋದರಮಾವನೂ ಉಳೀಬಾರದಿತ್ತು."

ಹಾಗೆ ಅಂದವಳು ಮತ್ತೆ ಪರದೆ ಕಡೆ ತಿರುಗಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ನನ್ನ ಗಂಡನೇ ನನಗೆ ಸೋದರಮಾವ. ಮೊನ್ನೆ ಮೊನ್ನೆ ಹೋದ್ರು. ನಾನೇ ತಿಂದೆ ಅಂದ್ಕೊಂಡಿದ್ದೆ." ಡಾಕ್ಟರು ಕೈಗವಸು ಬಿಚ್ಚಿ ಅವಳ ಕೈ ಹಿಡಿದುಕೊಂಡರು. ಸುಧಾ ಗೋಡೆ ಕಡೆ ತಿರುಗಿ ನಿಂತಳು. ಅವ್ವ ಇದನ್ನು ಹೊತ್ತು ತಿರುಗುತ್ತಿದ್ದಳು ಅಂತ ಅವಳಿಗೂ ಗೊತ್ತಿರಲಿಲ್ಲ.

"ಇದನ್ನ ಕೀಳಲೇಬೇಕು ಅಂತಿಲ್ಲ" ಅಂದರು ಡಾಕ್ಟರು. "ಬೇರು ಗಟ್ಟಿ ಐತೆ, ಕೀವಿಲ್ಲ. ಸೆಟ್ಟಿನಲ್ಲಿ ಇದಕ್ಕೆ ಜಾಗ ಮಾಡಿ ಕೊಡ್ತೀನಿ. ಆಗಾಗ ಬಂದು ತೋರಿಸಿ. ಕಿತ್ತರೆ ಮೂಳೆ ಕೊರೀಬೇಕಾಗುತ್ತೆ. ನೀವೇ ಹೇಳಿ."

ಉಡಚಮ್ಮನಿಗೆ ಅರ್ಥವಾಗಿತ್ತು. ಆದರೆ ಅರ್ಥ ತಲೆಯಲ್ಲಿ ನಿಂತಿತು, ಹೊಟ್ಟೆಗೆ ಇಳಿಯಲಿಲ್ಲ. ಜಗಳೂರಿನಲ್ಲಿ ಒಬ್ಬ ಮುದುಕ ಗಂಜಿ ಬಿಟ್ಟು ಮಲಗಿದ್ದ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಉಳಿದ ಒಬ್ಬನೇ ಒಬ್ಬ.

"ಕೀಳ್ರಿ" ಅಂದಳು. ಕಣ್ಣು ಮುಚ್ಚಿ ಬಾಯಿ ತೆಗೆದಳು.

ಡಾಕ್ಟರು ಸೂಜಿಗೆ ಮದ್ದು ಎಳೆದುಕೊಂಡರು. ಹೊರಗೆ ಏನೋ ಗಲಾಟೆ ಆಯಿತು. ಚೀಟಿ ಇಲ್ಲದೆ ಬಿಡಲ್ಲ ಅಂತ ನರ್ಸು, ಸರಿಯಮ್ಮ ಅತ್ಲಾಗೆ ಅಂತ ಇನ್ನೊಂದು ದನಿ. ಬಾಗಿಲು ತಳ್ಳಿಕೊಂಡು ಗಾದ್ರಪ್ಪ ಒಳಗೆ ಬಂದ. ತಲೆಗೆ ಮಫ್ಲರು, ಕೈಯಲ್ಲಿ ಕೋಲು. ಹಿಂದೆ ಮಗ ಕೆಂಚೇಶ್, ಚಪ್ಪಲಿ ಎಲ್ಲಿ ಬಿಡುವುದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು.

"ಯಾರ್ನ ಕೇಳಿ ಕೀಳ್ತಿದೀರಿ?"

"ಮಾವಾ!" ಉಡಚಮ್ಮ ಎದ್ದು ಕೂತಳು. "ನಿನಗೆ ಜ್ವರ ಅಲ್ಲವಾ?"

"ಸುಡುಗಾಡು ಜ್ವರ. ನೆಗಡಿ. ಆ ದುರ್ಗಿ ಗಂಜಿಗೆ ಉಪ್ಪು ಹಾಕಲ್ಲ, ಅದಕ್ಕೆ ಬ್ಯಾಡ ಅಂದೆ. ರಾತ್ರಿ ನೀನು ಹಲ್ಲು ಕೀಳಿಸ್ತೀಯ ಅಂತ ಗೊತ್ತಾತು. ಮೊದಲ್ನೇ ಬಸ್ಸಿಗೇ ಹೊಂಟೆ. ಅಲ್ಲಾ ಉಡ್ಚೀ, ಅದು ನನ್ನ ಹೆಸರಿನ ಮ್ಯಾಲೆ ಬಂದಿರೋ ಹಲ್ಲು. ನನಗೆ ತೋರಿಸದೇನೇ ಕೀಳಿಸ್ತೀಯಾ?"

ಡಾಕ್ಟರು ನಗು ತಡೆಯಲಾರದೆ ಸೂಜಿ ಕೆಳಗಿಟ್ಟರು. "ನೋಡ್ರಿ ಅಜ್ಜಾ. ಕೈ ತೊಳಕೊಂಡು ನೋಡ್ರಿ."

ಗಾದ್ರಪ್ಪ ಕೈ ತೊಳೆದ. ಕನ್ನಡಕ ಏರಿಸಿದ. ತುಟಿ ಎತ್ತಿ ನೋಡಿದ. "ಅಬಬಬಾ!" ಅಂದ. "ನನ್ನ ಬಾಯಾಗೆ ಒಂದೂ ಇಲ್ಲ. ನಿನಗೆ ಹೆಂಗೆ ಬಂತೇ ಇದು?" ತೋರುಬೆರಳನ್ನು ಅವಳ ಬಾಯಿಗೆ ಇಟ್ಟ. "ಕಚ್ಚು."

"ಥೂ, ಹೋಗ್ ಮಾವ."

"ಕಚ್ಚೇ. ತಿನ್ನೋದಾದ್ರೆ ಈಗ್ಲೇ ತಿನ್ನು. ವಾಪಸ್ ಬಸ್ಸಿಗೆ ಕಾಯೋದಾದ್ರೂ ತಪ್ತೈತೆ."

ಉಡಚಮ್ಮ ಮೆಲ್ಲಗೆ ಕಚ್ಚಿದಳು.

"ಇರುವೆ ಕಡಿದಂಗಾತು. ಗಟ್ಟಿ!"

ಅವಳು ಗಟ್ಟಿಯಾಗಿ ಕಚ್ಚಿದಳು. ಮೇಲೆ ಒಂದೇ ಹಲ್ಲು, ಕೆಳಗೆ ಉಳಿದವು. ಕಟ್ಟೆಯ ಮೇಲೆ ಕೂತು ನೀರು ಕೇಳಿದವನು, ಮಣ್ಣಿಗೆ ಬಂದವರ ಮಾತು, ಎಲ್ಲ ದವಡೆಗೆ ಬಂದು ನಿಂತಿತು. ಬಿಡಲಿಲ್ಲ.

"ಅಯ್ಯಯ್ಯಪ್ಪೋ! ಬಿಡೇ! ಸತ್ತೆನಲ್ಲೋ ಕೆಂಚೇಶಾ!"

ಬಿಟ್ಟಳು. ಗಾದ್ರಪ್ಪ ಬೆರಳು ಒದರಿದ. ಬೆಳಕಿಗೆ ಹಿಡಿದು ನೋಡಿದ. ಮೇಲ್ಗಡೆ ಒಂದು ಕೆಂಪು ಗುಳಿ. ಅದನ್ನು ಕೆಂಚೇಶನಿಗೆ ತೋರಿಸಿದ, ನರ್ಸಿಗೆ ತೋರಿಸಿದ. ಹೊರಗೆ ಹೋಗಿ ಬೆಂಚಿನ ಮೇಲೆ ಕೂತ ರೋಗಿಗಳಿಗೆಲ್ಲ ತೋರಿಸಿದ. "ನೋಡ್ರಪ್ಪಾ, ತಿಂದ್ಲು. ನಾನು ಅದೀನೋ ಇಲ್ಲವೋ?"

ಒಳಗೆ ಉಡಚಮ್ಮ ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸುಧಾ ಸೆರಗಿನಿಂದ ಒರೆಸಿದಳು, ಮತ್ತೆ ಸುರಿಯಿತು. ಮಾವನ ಬೆರಳು ಬಿಸಿಯಾಗಿತ್ತು. ಬದುಕಿದವನ ಬೆರಳು. ಹೊಟ್ಟೆಗೆ ಇಳಿಯದೆ ನಿಂತಿದ್ದದ್ದು ಈಗ ಇಳಿಯಿತು.

"ಡಾಕ್ಟ್ರಮ್ಮ, ಬ್ಯಾಡ" ಅಂದಳು. "ಇರ್ಲಿ ಇದು."

ಸುಧಾ ಚೀಲದಲ್ಲಿ ತಂದಿದ್ದ ಸೆಟ್ಟನ್ನು ಡಾಕ್ಟರು ಕೊರೆಯಲು ತೆಗೆದುಕೊಂಡರು. ಎರಡು ದಿನ ಬಿಟ್ಟು ಬನ್ನಿ ಅಂದರು. ಗಾದ್ರಪ್ಪ ಹೊರಡಲೊಲ್ಲ. ತನ್ನ ದವಡೆಯ ಫೋಟೋನೂ ತೆಗೆಯಿರಿ, ಒಳಗೆ ಒಂದಾದರೂ ಮಲಗಿರಬೇಕು ಅಂತ ಹಟ ಹಿಡಿದ. ತೆಗೆದರು. ಬರೀ ಮೂಳೆ. ಕಾಗೆ ಗೂಡೂ ಇಲ್ಲದ ಬಯಲು. "ನಿಮ್ಮ ಮಿಷನ್ನು ಸರಿ ಇಲ್ಲ" ಅಂತ ಡಾಕ್ಟರನ್ನೇ ಬೈದ.

ಸಾಸ್ವೆಹಳ್ಳಿ ಬಸ್ಸಿನಲ್ಲಿ ನಾಲ್ವರೂ ಕೂತರು. ಮುದುಕ ನಾಲ್ಕು ದಿನ ಇದ್ದು ಹೋಗುತ್ತೇನೆ ಅಂದಿದ್ದ, ಉಪ್ಪು ಹಾಕಿದ ಸಾರು ಉಣ್ಣಲು. ಬೆರಳನ್ನು ಊದಿಕೊಳ್ಳುತ್ತಾ ಕೂತವನನ್ನು ನೋಡಿ ಪಕ್ಕದ ಸೀಟಿನ ಹೆಂಗಸು ಕೇಳಿದಳು.

"ಬೆರಳಿಗೆ ಏನಾತು ಅಜ್ಜಾ?"

"ಸೊಸೆ ಕಚ್ಚಿದ್ಲು."

"ಅಯ್ಯೋ ಶಿವನೇ! ಅನ್ನ ಹಾಕೋದು ಬಿಟ್ಟು ಕಚ್ತಾಳಾ? ಇಂಥ ಸೊಸೆನ ಮನೆಯಾಗೆ ಇಟ್ಕೊಂಡೀರಾ?"

"ಮಗನ ಹೆಂಡ್ತಿ ಅಲ್ಲಮ್ಮೋ. ಅಕ್ಕನ ಮಗಳು. ಈ ಸೊಸೆ."

ಬಸ್ಸಿನಲ್ಲಿ ಇದ್ದಬದ್ದವರೆಲ್ಲ ತಿರುಗಿದರು. ಯಾವ ಸೊಸೆ, ಯಾವ ಸೊಸೆ ಅಂತ ಹಿಂದಿನ ಸೀಟಿನವರು ಎದ್ದು ನಿಂತರು. ಕಂಡಕ್ಟರೂ ಟಿಕೆಟ್ಟು ಹರಿಯುವುದು ಬಿಟ್ಟು ಬಂದ. ಉಡಚಮ್ಮ ಕಿಟಕಿ ಪಕ್ಕ ಕೂತಿದ್ದಳು. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ತುಟಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದಳು.